ಉಪ್ಪನ ಎಡಗಣ್ಣು

2019ರ ಜನವರಿಯಲ್ಲಿ ಒಂದು ಬೆಳಿಗ್ಗೆ ಉಪ್ಪ ಶಾರ್ಜಾಕ್ಕೆ ಫೋನ್ ಮಾಡಿದರು. ಅಂಗಡಿಯ ಶಟರಿಗೆ ರಾತ್ರಿ ಯಾರೋ ಗಾಡಿ ರಿವರ್ಸ್ ತೆಗೆಯುವಾಗ ಗುದ್ದಿದ್ದಾರೆ, ನಡುವಿನ ಪಟ್ಟಿಗಳು ಹೊಟ್ಟೆ ಬಂದ ಹಾಗೆ ಉಬ್ಬಿವೆ, ಬಡಿದು ನೇರ ಮಾಡಿಸಿದರೆ ಸಾಕೋ, ಹೊಸತೇ ಹಾಕಬೇಕೋ ಎಂದು ಕೇಳಿದರು. ಮನೆಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನು ನಾನೊಬ್ಬನೇ. ಹಾಗಾಗಿ ಮಿಕ್ಸಿಯಿಂದ ಹಿಡಿದು ಬಾವಿಯ ಪಂಪಿನವರೆಗೆ ಎಲ್ಲದಕ್ಕೂ ನನ್ನ ಅಭಿಪ್ರಾಯ ಬೇಕು. ಫೋಟೋ ಕಳಿಸು ಎಂದು ತಂಗಿಗೆ ಹೇಳಿದೆ. ಫೋಟೋ ಬಂತು. ಶಟರ್ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ನೇರವಾಗಿತ್ತು.

ನಾವೆಲ್ಲ ನಕ್ಕೆವು. ಉಮ್ಮ ಎರಡು ದಿನ ಅದನ್ನೇ ಹೇಳಿ ನಗಾಡಿದರು. ಉಪ್ಪ ಮಾತ್ರ ನಗಲಿಲ್ಲ. ಶಟರ್ ಹತ್ತಿರ ಹೋಗಿ ಕೈಯಿಂದ ಸವರಿ ನೋಡಿದರಂತೆ. ಕೈಗೆ ನೇರ, ಕಣ್ಣಿಗೆ ಡೊಂಕು.

ನಮ್ಮ ಅಂಗಡಿ ಉಪ್ಪಳದಿಂದ ಸ್ವಲ್ಪ ಒಳಗೆ. ಅಕ್ಕಿ, ಬೆಲ್ಲ, ಒಣಮೀನು, ಹಗ್ಗ, ಚಿಮಿಣಿ ಗ್ಲಾಸು, ಈಗ ಮೊಬೈಲ್ ರೀಚಾರ್ಜ್. ಊರಿನ ಹತ್ತಿಪ್ಪತ್ತು ಮನೆಯವರು ಸಾಲದಲ್ಲಿ ಸಾಮಾನು ತೆಗೆದುಕೊಂಡು ಹೋಗುವವರು. ಅವರ ಲೆಕ್ಕವನ್ನು ಉಪ್ಪ ಉದ್ದ ಪುಸ್ತಕದಲ್ಲಿ ಕನ್ನಡದಲ್ಲಿ ಬರೆಯುತ್ತಾರೆ. ಅವರ ಅಕ್ಷರ ಚಂದ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವರು ಎಂದು ಹೇಳಿದರೆ ಯಾರೂ ನಂಬುವುದಿಲ್ಲ. ಆ ಜನವರಿಯ ಪುಟಗಳನ್ನು ನಾನು ಆಮೇಲೆ ತೆರೆದು ನೋಡಿದ್ದೇನೆ. ಅಂಕಿಗಳು ಗೆರೆ ಬಿಟ್ಟು ಕೆಳಗೆ ಜಾರಿವೆ. ಸೊನ್ನೆಯ ಮೇಲೆ ಸೊನ್ನೆ ಕುಳಿತಿದೆ. ಅದನ್ನು ಆಗ ಯಾರೂ ಗಮನಿಸಲಿಲ್ಲ, ಸಾಲ ಇದ್ದವರೂ ಹೇಳಲಿಲ್ಲ.

ಕಣ್ಣಿಗೆ ತೋರಿಸಿದ್ದೇವೆ, ಇಲ್ಲವೆಂದಲ್ಲ. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಪೊರೆ ಈಗಷ್ಟೇ ಶುರುವಾಗಿದೆ, ಗಾಬರಿ ಬೇಡ, ಆರು ತಿಂಗಳು ಬಿಟ್ಟು ಬನ್ನಿ ಎಂದು ತೊಟ್ಟು ಮದ್ದು ಕೊಟ್ಟು ಕಳಿಸಿದರು. ಕಣ್ಣಿನೊಳಗಿನ ಒಂದು ಫೋಟೋವನ್ನೂ ತೆಗೆದಿದ್ದರು. ತಂಗಿ ಅದನ್ನು ವಾಟ್ಸಾಪಿನಲ್ಲಿ ನನಗೆ ಕಳಿಸಿದಳು. ಕಿತ್ತಳೆ ಬಣ್ಣದ ಒಂದು ಚೆಂಡು, ಅದರಲ್ಲಿ ಬಳ್ಳಿಯ ಹಾಗೆ ನರಗಳು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ನಾನು ಶಾರ್ಜಾದಲ್ಲಿ ಎಸಿ ಮತ್ತು ಚಿಲ್ಲರ್ ಮೆಂಟೆನೆನ್ಸ್ ಕೆಲಸ ಮಾಡುತ್ತಿದ್ದೆ. ನಮ್ಮ ಸೂಪರ್‌ವೈಸರ್ ಸ್ಕಾಟ್ಲೆಂಡಿನವನು, ಒಳ್ಳೆ ಮನುಷ್ಯ. ಶಟರಿನ ಕಥೆಯನ್ನು ಊಟದ ಹೊತ್ತಿಗೆ ತಮಾಷೆಯಾಗಿ ಹೇಳಿದಾಗ ಅವನು ನಗಲಿಲ್ಲ. ನನ್ನ ತಾಯಿಗೂ ಗೆರೆ ಹೀಗೆಯೇ ಡೊಂಕಾಗಿ ಕಾಣುತ್ತಿತ್ತು, ಅದು ಮ್ಯಾಕ್ಯುಲರ್ ಡಿಜೆನರೇಶನ್ ಎಂಬ ಕಾಯಿಲೆ, ನಿನ್ನ ತಂದೆಯ ಕಣ್ಣನ್ನು ಸರಿಯಾಗಿ ತೋರಿಸು ಎಂದ. ಅವನ ತಾಯಿಗೆ ಎಂಬತ್ತರ ಹತ್ತಿರ ವಯಸ್ಸು, ನೀಲಿ ಕಣ್ಣು. ಕಾಯಿಲೆ ಶುರುವಾಗಿ ಹತ್ತು ವರ್ಷ ಕಳೆದರೂ ದೊಡ್ಡ ಅಕ್ಷರದ ಪುಸ್ತಕ ಓದುತ್ತಿದ್ದಾರೆ ಎಂದೂ ಹೇಳಿದ.

ಆ ರಾತ್ರಿ ರೂಮಿನಲ್ಲಿ ಕುಳಿತು ಇಂಟರ್ನೆಟ್ಟಿನಲ್ಲಿ ಓದಿದೆ. ನನಗೆ ಸಿಕ್ಕಿದ್ದೆಲ್ಲ ಅಮೆರಿಕ, ಇಂಗ್ಲೆಂಡಿನವರು ತಮ್ಮ ಜನರಿಗೆ ಬರೆದದ್ದು. ಯಾರಿಗೆ ಬರುತ್ತದೆ? ವಯಸ್ಸಾದವರಿಗೆ, ಬಿಳಿಯರಿಗೆ ಹೆಚ್ಚು, ಹೆಂಗಸರಿಗೆ ಹೆಚ್ಚು. ಹೇಗೆ ಬರುತ್ತದೆ? ನಿಧಾನವಾಗಿ. ಮೊದಲ ಗುರುತೇನು? ಕಣ್ಣಿನ ಹಿಂಭಾಗದಲ್ಲಿ ಡ್ರೂಸೆನ್ ಎಂಬ ಹಳದಿ ಚುಕ್ಕೆಗಳು. ಡ್ರೂಸೆನ್ ಎಂದರೆ ಜರ್ಮನ್ ಭಾಷೆಯಲ್ಲಿ ಕಲ್ಲಿನೊಳಗೆ ಹರಳುಗಟ್ಟಿದ ಗಂಟುಗಳಂತೆ. ಆ ಚುಕ್ಕೆಗಳ ಫೋಟೋ ನೋಡಿದೆ, ಉಪ್ಪನ ಕಣ್ಣಿನ ಫೋಟೋವನ್ನು ಪಕ್ಕದಲ್ಲಿಟ್ಟು ನೋಡಿದೆ. ಉಪ್ಪನ ಕಣ್ಣಿನಲ್ಲಿ ಹಳದಿ ಚುಕ್ಕೆ ಒಂದೂ ಇಲ್ಲ. ಉಪ್ಪನಿಗೆ 61 ವಯಸ್ಸು. ಗಂಡಸು. ಬಣ್ಣ ಕಪ್ಪು. ಎಲ್ಲಾ ಪ್ರಶ್ನೆಗೂ ಇಲ್ಲ, ಇಲ್ಲ, ಇಲ್ಲ.

ಮರುದಿನ ಫೋನ್ ಮಾಡಿ ನಾನೇ ಹೇಳಿದೆ: ಅದು ಬಿಳಿಯರ ಕಾಯಿಲೆ, ನಿಮಗಲ್ಲ. ಇದ್ದರೂ ಹತ್ತು ವರ್ಷದ ವಿಷಯ. ರಂಝಾನಿಗೆ ರಜೆಯಲ್ಲಿ ಬರುತ್ತೇನಲ್ಲ, ಆಗ ಮಂಗಳೂರಿಗೆ ಕರೆದುಕೊಂಡು ಹೋಗುತ್ತೇನೆ. ಉಪ್ಪನಿಗೂ ಅದೇ ಬೇಕಿತ್ತು. ಅಂಗಡಿ ಮುಚ್ಚುವುದೆಂದರೆ ಅವರಿಗೆ ಜ್ವರ ಬಂದ ಹಾಗೆ.

ಮಾರ್ಚ್ ಕೊನೆಯಲ್ಲಿ ಒಂದು ರಾತ್ರಿ ಇಶಾ ನಮಾಜ್ ಮುಗಿಸಿ ಮಸೀದಿಯ ಮೆಟ್ಟಿಲು ಇಳಿಯುವಾಗ ಉಪ್ಪನ ಎಡಗಣ್ಣಿನ ನಡುವೆ ಕಪ್ಪು ಚಹಾ ಚೆಲ್ಲಿದ ಹಾಗಾಯಿತು. ಅದು ಅವರದೇ ಮಾತು. ಮನೆಗೆ ಬಂದು ಯಾರಿಗೂ ಹೇಳದೆ ಮಲಗಿದರು. ಬೆಳಿಗ್ಗೆ ಎದ್ದಾಗ ಉಮ್ಮನ ಮುಖ ಇರುವಲ್ಲಿ ಕಪ್ಪು ಮಾತ್ರ ಇತ್ತು. ತಟ್ಟಂ ಕಾಣುತ್ತದೆ, ಕಿವಿ ಕಾಣುತ್ತದೆ, ಮುಖ ಇಲ್ಲ.

ಮಂಗಳೂರಿನ ಆಸ್ಪತ್ರೆಯಲ್ಲಿ ರೆಟಿನಾ ಡಾಕ್ಟರ್ ನೋಡಿ, ಕಣ್ಣಿನ ಪರದೆಯ ಅಡಿಯಲ್ಲಿ ರಕ್ತ ಸೋರಿ ನಿಂತಿದೆ ಎಂದರು. ನಾನು ತುರ್ತು ರಜೆ ಹಾಕಿ ಮೂರನೇ ದಿನ ಬಂದು ಮುಟ್ಟಿದೆ. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಉತ್ತರ ನನ್ನ ಫೋನಿನಲ್ಲೇ ಇತ್ತು. ನಾನಾಗಿಯೇ ಬಾಯಿಬಿಟ್ಟು ಹೇಳಿದೆ: ಡಾಕ್ಟರೇ, ಹಳದಿ ಚುಕ್ಕೆ ಇರಲಿಲ್ಲ, ಹಾಗಾಗಿ ಇದು ಅಲ್ಲವೆಂದುಕೊಂಡೆ. ಅವರು ಒಂದು ಕ್ಷಣ ನನ್ನನ್ನು ನೋಡಿ, ನಮ್ಮವರಲ್ಲಿ ಅದು ಬಹಳ ಸಲ ಇರುವುದಿಲ್ಲ ಎಂದರು. ಆಮೇಲೆ ಕಾಗದ ತೆಗೆದುಕೊಂಡು ಚಿತ್ರ ಬಿಡಿಸಿದರು.

ಅವರು ಹೇಳಿದ್ದನ್ನೂ, ಆಮೇಲೆ ನಾನು ಓದಿ ತಿಳಿದದ್ದನ್ನೂ ಸೇರಿಸಿ ನನಗೆ ಅರ್ಥವಾದ ರೀತಿಯಲ್ಲಿ ಬರೆಯುತ್ತೇನೆ.

ಕಣ್ಣಿನ ಹಿಂಗೋಡೆಯಲ್ಲಿ ಬೆಳಕನ್ನು ಹಿಡಿಯುವ ಪರದೆ ರೆಟಿನಾ. ಅದರ ನಡುವಿನ ಸಣ್ಣ ಜಾಗ ಮ್ಯಾಕ್ಯುಲಾ. ಓದುವುದು, ಸೂಜಿಗೆ ನೂಲು ಹಾಕುವುದು, ಎದುರಿನವರ ಮುಖ ಗುರುತಿಸುವುದು ಎಲ್ಲ ಅದರಿಂದಲೇ. ರೆಟಿನಾದ ಅಡಿಗೆ ಬಣ್ಣದ ಜೀವಕೋಶಗಳ ಒಂದು ಪದರ, ಅದರ ಅಡಿಗೆ ತೆಳು ಪೊರೆ, ಅದರ ಅಡಿಗೆ ಕೊರಾಯ್ಡ್ ಎಂಬ ರಕ್ತನಾಳಗಳ ಹಾಸಿಗೆ. ರೆಟಿನಾದ ಹೊರಭಾಗಕ್ಕೆ ಆಹಾರ ಕೊಡುವುದೂ ಕಸ ಸಾಗಿಸುವುದೂ ಈ ಕೊರಾಯ್ಡ್. ನನ್ನ ಭಾಷೆಯಲ್ಲಿ ಹೇಳುವುದಾದರೆ ರೇಡಿಯೇಟರ್.

ವಯಸ್ಸಾದಂತೆ ಬಣ್ಣದ ಪದರ ಮತ್ತು ತೆಳು ಪೊರೆಯ ನಡುವೆ ಕಸ ಕಟ್ಟಿಕೊಳ್ಳುವುದು ಡ್ರೂಸೆನ್. ಹಳೆ ಕಂಡೆನ್ಸರಿನಲ್ಲಿ ಪಾಚಿ ಕಟ್ಟಿದ ಹಾಗೆ. ಅದು ಹೆಚ್ಚಾಗಿ ಮೇಲಿನ ಪದರ ನಿಧಾನಕ್ಕೆ ಸವೆದು ಹೋದರೆ ಒಣ ಬಗೆ. ಅಡಿಯಿಂದ ಹೊಸ, ದುರ್ಬಲ ರಕ್ತನಾಳಗಳು ಪೊರೆ ಒಡೆದು ಮೇಲೆ ಬಂದು ಸೋರಿದರೆ ಒದ್ದೆ ಬಗೆ. ಪಾಶ್ಚಾತ್ಯ ಪುಸ್ತಕಗಳಲ್ಲಿ ಇರುವ ಕಥೆ ಹೆಚ್ಚಾಗಿ ಇದೇ. ಮೊದಲು ಚುಕ್ಕೆ, ಆಮೇಲೆ ಸವೆತ ಇಲ್ಲವೇ ಸೋರಿಕೆ. ನಮ್ಮ ಸೂಪರ್‌ವೈಸರಿನ ತಾಯಿಗೆ ಆದದ್ದು ಒಣ ಬಗೆ. ಅದರ ಕೊನೆಯ ಹಂತ, ಭೂಪಟದಲ್ಲಿ ದ್ವೀಪಗಳ ಹಾಗೆ ಪದರ ಅಳಿಸಿ ಹೋಗುವುದು, ಯುರೋಪ್ ಮೂಲದವರಲ್ಲಿ ಸಾಮಾನ್ಯ, ಏಷ್ಯಾದವರಲ್ಲಿ ಕಡಿಮೆ.

ಉಪ್ಪನದು ಮೂರನೆಯ ಬಗೆ. ಹೆಸರು ಬಾಯಿ ತುಂಬ ಇದೆ: ಪಾಲಿಪಾಯ್ಡಲ್ ಕೊರಾಯ್ಡಲ್ ವಾಸ್ಕ್ಯುಲೋಪಥಿ. ಡಾಕ್ಟರುಗಳು ಪಿಸಿವಿ ಎನ್ನುತ್ತಾರೆ. ಇದರಲ್ಲಿ ಬಣ್ಣದ ಪದರದ ಅಡಿಯಲ್ಲಿ ಅಸಹಜ ನಾಳಗಳ ಒಂದು ಕವಲು ಜಾಲ ಇರುತ್ತದೆ. ಆ ಕವಲುಗಳ ತುದಿಯಲ್ಲಿ ನಾಳದ ಗೋಡೆ ಗುಳ್ಳೆಯಂತೆ ಉಬ್ಬುತ್ತದೆ. ಸೈಕಲ್ ಟಯರಿನ ಬದಿ ಹರಿದರೆ ಒಳಗಿನ ಟ್ಯೂಬ್ ನೇರಳೆ ಹಣ್ಣಿನಷ್ಟು ಹೊರಗೆ ಬರುತ್ತದಲ್ಲ, ಹಾಗೆ. ಆ ಟ್ಯೂಬ್ ಒಂದು ತಿಂಗಳು ಹಾಗೆಯೇ ಓಡೀತು, ನಾಳೆಯೇ ಒಡೆದೀತು. ಹಳದಿ ಚುಕ್ಕೆಗಳು ಕಡಿಮೆ, ಅಥವಾ ಇಲ್ಲವೇ ಇಲ್ಲ. ಕೊರಾಯ್ಡ್ ಎಷ್ಟೋ ಜನರಲ್ಲಿ ಸವೆದಿರುವ ಬದಲು ದಪ್ಪಗಿರುತ್ತದೆ. ಒಡೆದರೆ ಸೋರಿಕೆ ಹನಿಹನಿಯಾಗಿ ಅಲ್ಲ, ಒಮ್ಮೆಗೇ ದೊಡ್ಡ ರಕ್ತಸ್ರಾವ ಆಗಬಹುದು. ಒದ್ದೆ ಬಗೆಯವರಿಗಿಂತ ಕೆಲವು ವರ್ಷ ಮೊದಲೇ, ಏಷ್ಯಾದಲ್ಲಿ ಹೆಂಗಸರಿಗಿಂತ ಗಂಡಸರಿಗೆ ಹೆಚ್ಚು.

61 ವರ್ಷ. ಗಂಡಸು. ಕಪ್ಪು ಬಣ್ಣ. ಹಳದಿ ಚುಕ್ಕೆ ಇಲ್ಲ. ಯಾವ ಉತ್ತರಗಳಿಂದ ನಾನು ಧೈರ್ಯ ತಂದುಕೊಂಡಿದ್ದೆನೋ ಅವೇ ಇನ್ನೊಂದು ಪಟ್ಟಿಯಲ್ಲಿ ಎಚ್ಚರಿಕೆಯ ಗುರುತುಗಳಾಗಿದ್ದವು.

ಇದನ್ನು ಕಂಡುಹಿಡಿದ ರೀತಿಯೂ ಸ್ವಾರಸ್ಯದ್ದು. ನ್ಯೂಯಾರ್ಕಿನ ಡಾಕ್ಟರ್ ಲಾರೆನ್ಸ್ ಯಾನುಝಿ ಇದನ್ನು ಮೊದಲು ವಿವರಿಸಿದ್ದು 1982ರಲ್ಲಿ, ಹೆಸರು ಕೊಟ್ಟು ಪ್ರಕಟಿಸಿದ್ದು 1990ರಲ್ಲಿ. ಆ ಹೊತ್ತಿನಲ್ಲಿ ಅಮೆರಿಕದಲ್ಲಿ ಇದು ಕಾಣಿಸಿದ್ದು ಹೆಚ್ಚಾಗಿ ನಡುವಯಸ್ಸಿನ ಕಪ್ಪು ಹೆಂಗಸರಲ್ಲಿ. ಕಪ್ಪು ಜನರಿಗೆ ಮ್ಯಾಕ್ಯುಲಾದ ಮುಪ್ಪಿನ ಕಾಯಿಲೆ ಅಪರೂಪ ಎಂದೇ ಬರೆದಿಟ್ಟಿದ್ದ ಕಾಲ ಅದು. ಹಾಗಾಗಿ ಅವರ ಕಣ್ಣಿನಲ್ಲಿ ಮತ್ತೆ ಮತ್ತೆ ರಕ್ತ ಸೋರುವುದನ್ನು ನೋಡಿದಾಗ ಇದು ಅವರದೇ ಒಂದು ವಿಚಿತ್ರ ಕಾಯಿಲೆ ಎಂದುಕೊಂಡರು. ಆಮೇಲೆ ಜಪಾನಿನವರು ತಮ್ಮ ರೋಗಿಗಳನ್ನು ಹೊಸ ಬಗೆಯ ಪರೀಕ್ಷೆಯಿಂದ ನೋಡಲು ಶುರುಮಾಡಿದಾಗ ಲೆಕ್ಕವೇ ಬುಡಮೇಲಾಯಿತು. 2007ರಲ್ಲಿ ಪ್ರಕಟವಾದ ಅಲ್ಲಿನ ಒಂದು ಅಧ್ಯಯನದಲ್ಲಿ, ಒದ್ದೆ ಬಗೆಯ ಕಾಯಿಲೆ ಎಂದು ಬಂದ 289 ರೋಗಿಗಳಲ್ಲಿ 54.7% ಮಂದಿಗೆ ಇದ್ದದ್ದು ಪಿಸಿವಿ. 1999ರಲ್ಲಿ ಯಾನುಝಿಯವರೇ ಅಮೆರಿಕದಲ್ಲಿ ಅಂಥ 167 ರೋಗಿಗಳನ್ನು ನೋಡಿದಾಗ ಸಿಕ್ಕಿದ್ದು 13 ಮಂದಿ. ಅಲ್ಲಿ ಹನ್ನೆರಡು ಹದಿಮೂರರಲ್ಲಿ ಒಬ್ಬರು, ಇಲ್ಲಿ ಇಬ್ಬರಲ್ಲಿ ಒಬ್ಬರು.

ಹೊಸ ಬಗೆಯ ಪರೀಕ್ಷೆ ಎಂದೆನಲ್ಲ, ಅದು ಉಪ್ಪನಿಗೂ ಮಾಡಿದರು. ಅದನ್ನು ನಾನು ಮರೆಯುವ ಹಾಗಿಲ್ಲ, ಯಾಕೆಂದರೆ ಅದು ನನ್ನದೇ ಕೆಲಸ. ಎಸಿಯಲ್ಲಿ ಗ್ಯಾಸ್ ಎಲ್ಲಿ ಲೀಕ್ ಆಗುತ್ತಿದೆ ಎಂದು ಗೊತ್ತಾಗದಿದ್ದರೆ ಒಳಗೆ ಹೊಳೆಯುವ ಒಂದು ಬಣ್ಣ ಬಿಡುತ್ತೇವೆ, ಆಮೇಲೆ ನೇರಳಾತೀತ ಟಾರ್ಚ್ ಹಾಕಿ ಪೈಪ್ ಉದ್ದಕ್ಕೂ ಹುಡುಕುತ್ತೇವೆ. ಕಣ್ಣಿಗೂ ಹಾಗೆಯೇ. ಕೈಯ ನರಕ್ಕೆ ಬಣ್ಣ ಚುಚ್ಚಿ ಅದು ಕಣ್ಣಿಗೆ ಬರುವಾಗ ಫೋಟೋ ತೆಗೆಯುತ್ತಾರೆ. ಹಳೆಯ ಬಣ್ಣ ಫ್ಲೋರೆಸಿನ್, 1961ರಿಂದ ಬಳಕೆಯಲ್ಲಿದೆ. ನೀಲಿ ಬೆಳಕು ಬಿಟ್ಟರೆ ಹಸಿರು ಹಳದಿಯಾಗಿ ಹೊಳೆಯುತ್ತದೆ. ಆದರೆ ಅದರ ಬೆಳಕಿಗೆ ಬಣ್ಣದ ಪದರವೂ ನಿಂತ ರಕ್ತವೂ ಅಡ್ಡ. ಆ ಪದರದ ಕೆಳಗಿನ ಗುಳ್ಳೆಗಳು ಅದರಲ್ಲಿ ಸರಿಯಾಗಿ ಕಾಣುವುದಿಲ್ಲ. ಇನ್ನೊಂದು ಬಣ್ಣ ಇಂಡೋಸಯನಿನ್ ಗ್ರೀನ್. ಅದು ಕೆಲಸ ಮಾಡುವುದು ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ. ಆ ಬೆಳಕು ಬಣ್ಣದ ಪದರವನ್ನೂ ತೆಳು ರಕ್ತವನ್ನೂ ದಾಟಿ ಕೊರಾಯ್ಡನ್ನು ತೋರಿಸುತ್ತದೆ. ಬಣ್ಣವೂ ರಕ್ತದ ಪ್ರೊಟೀನಿಗೆ ಗಟ್ಟಿಯಾಗಿ ಅಂಟಿಕೊಳ್ಳುವುದರಿಂದ ನಾಳದಿಂದ ಬೇಗ ಹೊರಗೆ ಬರುವುದಿಲ್ಲ.

ಅಯೋಡಿನ್ ಅಲರ್ಜಿ ಇದೆಯೇ ಎಂದು ಕೇಳಿ, ಸಹಿ ಹಾಕಿಸಿ, ಎರಡೂ ಬಣ್ಣ ಹಾಕಿದರು. ಕಂಪ್ಯೂಟರಿನಲ್ಲಿ ನಾನು ನಿಂತು ನೋಡಿದೆ. ಬೂದು ಬಣ್ಣದ ಮೈದಾನ, ಅದರಲ್ಲಿ ಕವಲೊಡೆದ ಬೇರು, ಬೇರಿನ ತುದಿಯಲ್ಲಿ ಮೂರು ಬಿಳಿ ಚುಕ್ಕೆ. ದ್ರಾಕ್ಷಿ ಗೊಂಚಲಿನ ಹಾಗೆ. ಲೀಕ್ ಸಿಕ್ಕಿತು ಎಂದು ಬಾಯಿಗೆ ಬಂದೇ ಬಿಟ್ಟಿತು. ಸಂತೋಷವೇ ಆಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಯಿತು. ಉಪ್ಪ ಮರುದಿನದವರೆಗೆ ಹಳದಿ ಮೂತ್ರ ಹೋಗುತ್ತದೆ ಎಂದು ಬೇಸರ ಮಾಡಿಕೊಂಡಿದ್ದರು.

ಯಾಕೆ ಹೀಗೆ ಜನಾಂಗದಿಂದ ಜನಾಂಗಕ್ಕೆ ಕಾಯಿಲೆಯ ಮುಖ ಬೇರೆ? ಇದಕ್ಕೆ ಗಟ್ಟಿ ಉತ್ತರ ಯಾರೂ ಕೊಟ್ಟಿಲ್ಲ. ಜೀನ್ ಒಂದು ಕಾರಣ. ರೋಗನಿರೋಧಕ ವ್ಯವಸ್ಥೆಗೆ ಸೇರಿದ ಸಿಎಫ್‌ಎಚ್ ಎಂಬ ಜೀನಿನ ಒಂದು ಬದಲಾವಣೆ ಬಿಳಿಯರಲ್ಲಿ ಈ ಕಾಯಿಲೆಗೆ ದೊಡ್ಡ ಕಾರಣ ಎಂದು 2005ರಲ್ಲಿ ಗೊತ್ತಾಯಿತು. ಯುರೋಪ್ ಮೂಲದವರಲ್ಲಿ ಸಾಮಾನ್ಯವಾದ ಆ ಬದಲಾವಣೆ ಜಪಾನ್, ಚೀನಾದವರಲ್ಲಿ ವಿರಳ. ಹತ್ತನೇ ಕ್ರೋಮೋಸೋಮಿನ ಇನ್ನೊಂದು ಜಾಗ ಮಾತ್ರ ಎರಡೂ ಕಡೆ ಅಪಾಯಕಾರಿ. ಕಣ್ಣಿನ ಮೆಲನಿನ್ ಕಪ್ಪು ಜನರನ್ನು ಸ್ವಲ್ಪ ಕಾಪಾಡುತ್ತದೆ ಎನ್ನುವವರಿದ್ದಾರೆ. ಅದು ಊಹೆಯೇ. 2006ರಲ್ಲಿ ಅಮೆರಿಕದ ಒಂದು ಅಧ್ಯಯನದಲ್ಲಿ 45ರಿಂದ 85 ವಯಸ್ಸಿನವರಲ್ಲಿ ಈ ಕಾಯಿಲೆ ಬಿಳಿಯರಲ್ಲಿ 5.4%, ಅಲ್ಲಿನ ಚೀನೀಯರಲ್ಲಿ 4.6%, ಹಿಸ್ಪಾನಿಕ್ ಜನರಲ್ಲಿ 4.2%, ಕಪ್ಪು ಜನರಲ್ಲಿ 2.4% ಇತ್ತು. ಹೆಚ್ಚು ಕಡಿಮೆ ಇದೆ, ಆದರೆ ಯಾರಿಗೂ ಸೊನ್ನೆ ಇಲ್ಲ. ನಾನು ಓದಿದ "ಬಿಳಿಯರಿಗೆ ಹೆಚ್ಚು" ಎಂಬ ಮಾತು ಸುಳ್ಳಲ್ಲ. ಅದನ್ನು "ಬೇರೆಯವರಿಗೆ ಇಲ್ಲ" ಎಂದು ಓದಿದ್ದು ನಾನು.

ಹಾಗಾದರೆ ನಾವು ಯಾವ ಪಟ್ಟಿಗೆ? ಈ ಪ್ರಶ್ನೆ ಮನೆಯಲ್ಲಿ ಎದ್ದಾಗ ತಮಾಷೆಯಾಯಿತು. ನಮ್ಮ ಮಾಮನ ಪ್ರಕಾರ ಬ್ಯಾರಿಗಳು ಅರಬ್ ವ್ಯಾಪಾರಿಗಳ ಮಕ್ಕಳು, ಹಾಗಾಗಿ ಜಪಾನಿನ ಲೆಕ್ಕ ನಮಗೆ ಹೊಂದುವುದಿಲ್ಲ. ಉಮ್ಮ ಕೇಳಿದರು, ಅರಬ್ಬಿಗಳು ಬಂದದ್ದು ಹಡಗಿನಲ್ಲಿ, ಹೆಂಗಸರನ್ನು ಕರೆದುಕೊಂಡು ಬಂದಿದ್ದರೋ? ಮಾಮ ಸುಮ್ಮನಾದರು. ನಮ್ಮ ಮಾತಿನಲ್ಲಿ ಮಲಯಾಳ ಇದೆ, ತುಳು ಇದೆ, ಅರಬ್ಬಿ ಇದೆ, ಶಾಲೆಯ ಕನ್ನಡ ಇದೆ. ರಕ್ತದಲ್ಲಿ ಏನಿದೆಯೋ. ಡಾಕ್ಟರಿಗೆ ಇದನ್ನು ಹೇಳಿದಾಗ ಅವರು ನಕ್ಕು, ಏಷ್ಯಾ ಎನ್ನುವುದು ಒಂದು ಡಬ್ಬಿ ಅಲ್ಲ ಎಂದರು. ಭಾರತದವರ ಜೀನ್ ಎಲ್ಲ ವಿಷಯದಲ್ಲೂ ಜಪಾನಿನವರ ಹಾಗಿಲ್ಲ, ಸಿಎಫ್‌ಎಚ್ ಬದಲಾವಣೆ ನಮ್ಮಲ್ಲೂ ಇದೆ. ಉತ್ತರದಲ್ಲಿ ಹರಿಯಾಣ, ದಕ್ಷಿಣದಲ್ಲಿ ಪುದುಚೇರಿಯ ಕಡೆ ನಡೆಸಿ 2010ರಲ್ಲಿ ಪ್ರಕಟಿಸಿದ ಇಂಡ್‌ಐ ಅಧ್ಯಯನದಲ್ಲಿ 60 ದಾಟಿದವರ ಪೈಕಿ 1.2% ಮಂದಿಗೆ ಈ ಕಾಯಿಲೆಯ ಕೊನೆಯ ಹಂತ ಇತ್ತು, ಡ್ರೂಸೆನ್‌ನಂಥ ಮೊದಲ ಹಂತದ ಗುರುತುಗಳೂ ಬೇಕಾದಷ್ಟು ಇದ್ದವು. ಅಂದರೆ ನಮ್ಮ ಊರಿನಲ್ಲಿ ಎರಡೂ ಮುಖ ಸಿಗುತ್ತದೆ. ಎದುರಿಗೆ ಕೂತವರ ಕಣ್ಣು ಯಾವುದು ಎಂದು ಫೋಟೋ ತೆಗೆದೇ ನೋಡಬೇಕು, ಬಣ್ಣ ನೋಡಿ ಅಲ್ಲ.

ನನಗೆ ಇದರಲ್ಲಿ ನೆನಪಾಗುವುದು ಗಲ್ಫಿನ ಎಸಿಗಳು. ಹದವಾದ ಹವೆಯ ದೇಶಗಳಿಗೆ ಮಾಡಿದ ಸಾಮಾನ್ಯ ಎಸಿಯನ್ನು 35 ಡಿಗ್ರಿ ಹೊರಗಿನ ಬಿಸಿಗೆ ಪರೀಕ್ಷೆ ಮಾಡಿರುತ್ತಾರೆ, ಅದಕ್ಕೆ ಟಿ1 ಎಂದು ಹೆಸರು. ಗಲ್ಫಿಗೆ ಟಿ3 ಬೇಕು, ಅದರ ಪರೀಕ್ಷೆ 46 ಡಿಗ್ರಿಯಲ್ಲಿ. ಒಮ್ಮೆ ಒಬ್ಬ ಹೊಸ ಹುಡುಗ ಟಿ1 ಯಂತ್ರದ ಮ್ಯಾನುವಲ್ ಹಿಡಿದುಕೊಂಡು ಟಿ3 ಕಂಪ್ರೆಸರಿನ ಪ್ರೆಶರ್ ನೋಡಿ, ಸರಿಯಾಗಿದ್ದ ಯಂತ್ರವನ್ನು ಕೆಟ್ಟಿದೆ ಎಂದು ಬಿಚ್ಚಿಟ್ಟಿದ್ದ. ಅವನಿಗೆ ನಾನು ಎಷ್ಟು ಬೈದಿದ್ದೆ ಎಂದರೆ ಈಗ ಹೇಳಲು ಮುಜುಗರವಾಗುತ್ತದೆ. ಅವನು ಕಂಪ್ರೆಸರ್ ಬಿಚ್ಚಿದ್ದು ಮಾತ್ರ.

ಮದ್ದಿನ ವಿಷಯದಲ್ಲೂ ಇದೇ ಮ್ಯಾನುವಲಿನ ತೊಂದರೆ ಇತ್ತು. ಒದ್ದೆ ಬಗೆಗೆ ಕಣ್ಣಿನೊಳಗೆ ಕೊಡುವ ರಾನಿಬಿಝುಮಾಬ್ ಇಂಜೆಕ್ಷನ್ 2006ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು ಎರಡು ದೊಡ್ಡ ಪ್ರಯೋಗಗಳ ಆಧಾರದಲ್ಲಿ, ಅವುಗಳಲ್ಲಿ ಇದ್ದವರು ಬಹುಪಾಲು ಬಿಳಿಯರು. ಆ ಇಂಜೆಕ್ಷನ್ ನೀರು ಒಣಗಿಸುತ್ತದೆ, ದೃಷ್ಟಿ ಉಳಿಸುತ್ತದೆ, ಅದು ನಮಗೂ ನಿಜ. ಆದರೆ ಗುಳ್ಳೆಗಳನ್ನು ಮುಚ್ಚುತ್ತದೆಯೇ ಎಂದು ನೋಡಲು ಪಿಸಿವಿ ರೋಗಿಗಳ ಮೇಲೆಯೇ ಬೇರೆ ಪ್ರಯೋಗ ಬೇಕಾಯಿತು. ಏಷ್ಯಾದ ಹಲವು ದೇಶಗಳಲ್ಲಿ 322 ರೋಗಿಗಳ ಮೇಲೆ ನಡೆದ ಎವರೆಸ್ಟ್ ಎರಡು ಎಂಬ ಅಧ್ಯಯನದ ಒಂದು ವರ್ಷದ ಫಲಿತಾಂಶ 2017ರಲ್ಲಿ ಬಂತು. ಬರೀ ಇಂಜೆಕ್ಷನ್ ಕೊಟ್ಟವರಲ್ಲಿ ಗುಳ್ಳೆಗಳು ಪೂರ್ತಿ ಮುಚ್ಚಿದ್ದು 34.7% ಮಂದಿಗೆ. ಇಂಜೆಕ್ಷನ್ ಜೊತೆ ವರ್ಟೆಪೋರ್ಫಿನ್ ಎಂಬ ಮದ್ದನ್ನು ನರಕ್ಕೆ ಕೊಟ್ಟು ತಣ್ಣಗಿನ ಲೇಸರ್ ಹಾಯಿಸಿದವರಲ್ಲಿ 69.3%. ದೃಷ್ಟಿಯೂ ಅವರಲ್ಲೇ ಸ್ವಲ್ಪ ಹೆಚ್ಚು ಸುಧಾರಿಸಿತು, ಕಣ್ಣಿನ ಚಾರ್ಟಿನಲ್ಲಿ ಸರಾಸರಿ 5.1 ಅಕ್ಷರದ ಬದಲು 8.3.

ಉಪ್ಪನಿಗೆ ಎರಡೂ ಮಾಡಿದರು. ಲೇಸರ್ ಆದ ಮೇಲೆ ಕೆಲವು ದಿನ ಬಿಸಿಲಿಗೆ ಹೋಗಬಾರದು, ಯಾಕೆಂದರೆ ಆ ಮದ್ದು ಮೈಯಲ್ಲಿ ಇರುವಾಗ ಬೆಳಕು ಬಿದ್ದರೆ ಚರ್ಮ ಸುಡುತ್ತದೆ. ನಲ್ವತ್ತು ವರ್ಷ ಬಿಸಿಲಿಗೆ ಬೆನ್ನು ಕೊಟ್ಟು ಅಂಗಡಿ ತೆರೆದ ಮನುಷ್ಯ, ಕಿಟಕಿಗೆ ಉಮ್ಮನ ಹಳೆ ಸೀರೆ ಕಟ್ಟಿದ ಕೋಣೆಯಲ್ಲಿ ಕುಳಿತು ರೇಡಿಯೋ ಕೇಳಿದರು. ಒಂದು ಇಂಜೆಕ್ಷನ್ನಿಗೆ ಎಷ್ಟಾಯಿತು ಎಂದು ಇವತ್ತಿಗೂ ಅವರಿಗೆ ಹೇಳಿಲ್ಲ. ಅಗ್ಗದ ದಾರಿಯೂ ಇತ್ತು: ಕ್ಯಾನ್ಸರಿಗೆಂದು ಮಾಡಿದ ಬೆವಾಸಿಝುಮಾಬ್ ಬಾಟಲಿಯನ್ನು ಸಣ್ಣ ಸಿರಿಂಜುಗಳಿಗೆ ಹಂಚಿ ಕೊಡುವುದು. ಕೆಲವು ಸಲ ಅದನ್ನೇ ಹಾಕಿಸಿದೆವು.

2020ರ ಮಾರ್ಚಿನಲ್ಲಿ ತಲಪಾಡಿಯ ದಾರಿ ಮುಚ್ಚಿದಾಗ ಎರಡು ಇಂಜೆಕ್ಷನ್ ತಪ್ಪಿತು. ನಮ್ಮ ಮನೆಯಿಂದ ಮಂಗಳೂರಿನ ಆಸ್ಪತ್ರೆಗೆ ಗಂಟೆಯ ದಾರಿ. ಅದಕ್ಕಿಂತ ದೊಡ್ಡ ಕಷ್ಟ ಕಂಡವರು ಮಂಜೇಶ್ವರದಲ್ಲಿ ಬಹಳ ಜನ ಇದ್ದಾರೆ, ಡಯಾಲಿಸಿಸಿನವರು, ಹೆರಿಗೆಯವರು. ಹಾಗಾಗಿ ನಾನು ಆ ಬಗ್ಗೆ ಹೆಚ್ಚು ಬರೆಯುವುದಿಲ್ಲ. ದಾರಿ ತೆರೆದು ಹೋದಾಗ ಹಳೆ ಗಾಯದ ಪಕ್ಕ ಸ್ವಲ್ಪ ನೀರು ಇತ್ತು, ಮತ್ತೆ ಒಣಗಿಸಿದರು.

ಒಂದು ಮಾತು ಬಾಕಿ ಇದೆ. ಈ ಕಾಯಿಲೆಯಲ್ಲಿ ವಯಸ್ಸನ್ನು ಬದಲಿಸಲಾಗುವುದಿಲ್ಲ, ಜೀನ್ ಬದಲಿಸಲಾಗುವುದಿಲ್ಲ, ನಮ್ಮ ಕೈಯಲ್ಲಿರುವ ದೊಡ್ಡ ವಿಷಯ ಹೊಗೆ. ಅದು ಎಲ್ಲ ಜನಾಂಗಕ್ಕೂ ಒಂದೇ. ಡಾಕ್ಟರ್ ಕೇಳಿದಾಗ ಉಪ್ಪ ದಿನಕ್ಕೆ ಐದಾರು ಬೀಡಿ ಎಂದರು. ಉಮ್ಮ ಹಿಂದಿನಿಂದ ಎರಡು ಕೈಯ ಬೆರಳುಗಳನ್ನೂ ಬಿಡಿಸಿ, ಮಡಚಿ, ಮತ್ತೆ ಬಿಡಿಸಿ ತೋರಿಸಿದರು. ನನ್ನ ಶಾಲೆಯ ಫೀಸು ಉಮ್ಮ ಬೀಡಿ ಕಟ್ಟಿ ಕೊಟ್ಟದ್ದು. ನಮ್ಮ ಕಡೆಯ ಎಷ್ಟೋ ಮನೆಯ ಅಕ್ಕಿ ಆ ಸೂಪಿನಲ್ಲೇ ಬಂದದ್ದು. ಅದೇ ಎಲೆ ಉಪ್ಪನ ಕಣ್ಣಿಗೆ ಎಷ್ಟು ಕೆಡುಕು ಮಾಡಿತು ಎಂದು ಲೆಕ್ಕ ಹಾಕಲು ನನಗೆ ಮನಸ್ಸಿಲ್ಲ. ಉಪ್ಪ ಬೀಡಿ ಬಿಟ್ಟರು. ಅಂಗಡಿಯಲ್ಲಿ ಮಾರುವುದನ್ನು ಬಿಡಲಿಲ್ಲ, ಅದರ ಜಗಳ ಮನೆಯಲ್ಲಿ ಇನ್ನೂ ನಡೆಯುತ್ತಿದೆ.

ಕಣ್ಣಿನ ವಿಟಮಿನ್ ಗುಳಿಗೆಗಳ ಬಗ್ಗೆ ಓದುಗರು ಕೇಳುತ್ತೀರಿ ಎಂದು ಗೊತ್ತು. ಅದೂ ಅಮೆರಿಕದ ಪ್ರಯೋಗ, 2001ರದ್ದು. ಡ್ರೂಸೆನ್ ಮಧ್ಯಮ ಹಂತಕ್ಕೆ ಬಂದವರಿಗೆ ಪ್ರಯೋಜನ ಇದೆ ಎಂದು ತೋರಿಸಿದ್ದು. ಅದರಲ್ಲಿ ಇದ್ದವರೂ ಬಹುಪಾಲು ಬಿಳಿಯರು. ಡ್ರೂಸೆನ್ ಇಲ್ಲದ ಉಪ್ಪನಿಗೆ ಡಾಕ್ಟರ್ ಅದನ್ನು ಬರೆಯಲಿಲ್ಲ, ನಾವು ಕೇಳಲೂ ಇಲ್ಲ. ಬೀಡಿ ಸೇದುವವರು ಬೀಟಾ ಕೆರೋಟಿನ್ ಇರುವ ಹಳೆ ಬಗೆಯನ್ನು ಅಂಗಡಿಯಿಂದ ತಂದು ನುಂಗಬೇಡಿ, ಅದು ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚಿಸುತ್ತದೆ.

ಎಡಗಣ್ಣಿನಲ್ಲಿ ಈಗ ನಡುವೆ ಮಂಜು ಇದೆ. ಮುಖ ಗುರುತಾಗುವುದಿಲ್ಲ, ಬದಿಯಿಂದ ನಡೆದು ಬರುವವರು ಕಾಣುತ್ತಾರೆ. ಬಲಗಣ್ಣು ದೇವರ ದಯೆಯಿಂದ ಚೆನ್ನಾಗಿದೆ, ಲೆಕ್ಕದ ಪುಸ್ತಕ ಈಗಲೂ ಅವರೇ ಬರೆಯುತ್ತಾರೆ. ಜನವರಿಯಲ್ಲಿಯೇ ಹೋಗಿದ್ದರೆ ಎಷ್ಟು ಉಳಿಯುತ್ತಿತ್ತು ಎಂದು ನಾನು ಡಾಕ್ಟರಿಗೆ ಎರಡು ಸಲ ಕೇಳಿದೆ. ಎರಡು ಸಲವೂ ಅವರು ಬೇರೆ ಮಾತು ಎತ್ತಿದರು. ಉಪ್ಪ ಈ ಬಗ್ಗೆ ನನಗೆ ಒಂದು ಮಾತು ಹೇಳಿದವರಲ್ಲ. ನಾನು 2021ರಲ್ಲಿ ಗಲ್ಫ್ ಬಿಟ್ಟು ಬಂದು ಇಲ್ಲೇ ಎಸಿ ರಿಪೇರಿ ಮಾಡುತ್ತಿದ್ದೇನೆ. ಯಾಕೆ ಬಂದೆ ಎಂದು ಕೇಳಿದವರಿಗೆ ಕೊರೊನಾ ಎನ್ನುತ್ತೇನೆ.

ಆಸ್ಪತ್ರೆಯಿಂದ ಒಂದು ಚೌಕುಳಿ ಕಾಗದ ಕೊಟ್ಟಿದ್ದರು, ಸ್ವಿಟ್ಜರ್ಲೆಂಡಿನ ಡಾಕ್ಟರ್ ಆಮ್ಸ್ಲರ್ ಅವರ ಹೆಸರಿನದ್ದು. ನಡುವೆ ಒಂದು ಚುಕ್ಕೆ. ಕನ್ನಡಕ ಹಾಕಿ, ಓದುವಷ್ಟು ದೂರ ಹಿಡಿದು, ಒಂದು ಕಣ್ಣು ಮುಚ್ಚಿ ಚುಕ್ಕೆಯನ್ನು ನೋಡಬೇಕು. ಗೆರೆ ಬಾಗಿದರೆ, ಎಲ್ಲಾದರೂ ಅಳಿಸಿದರೆ ಅದೇ ದಿನ ರೆಟಿನಾ ಡಾಕ್ಟರಲ್ಲಿಗೆ. ಒಂದೊಂದೇ ಕಣ್ಣು ಮುಚ್ಚಿ ನೋಡುವುದು ಮುಖ್ಯ, ಎರಡೂ ತೆರೆದರೆ ಒಳ್ಳೆಯ ಕಣ್ಣು ಕೆಟ್ಟದ್ದನ್ನು ಮುಚ್ಚಿ ಹಾಕುತ್ತದೆ. ಉಪ್ಪ ಆ ಕಾಗದವನ್ನು ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದಾರೆ. ನೋಡುವುದು ಮಾತ್ರ ಶಟರನ್ನೇ. ಬೆಳಿಗ್ಗೆ ಬೀಗ ತೆಗೆಯುವ ಮೊದಲು ರಸ್ತೆಯ ಈಚೆ ನಿಂತು ಎಡಗೈಯಿಂದ ಎಡಗಣ್ಣು ಮುಚ್ಚಿ ಪಟ್ಟಿಗಳನ್ನು ಮೇಲಿಂದ ಕೆಳಗೆ ಎಣಿಸುತ್ತಾರೆ, ಆಮೇಲೆ ಕೈ ಬದಲಿಸುತ್ತಾರೆ. ಶಾಲೆಗೆ ಹೋಗುವ ಮಕ್ಕಳು ಅವರನ್ನು ನೋಡಿ ತಾವೂ ಕಣ್ಣು ಮುಚ್ಚಿಕೊಂಡು ಎಣಿಸುತ್ತವೆ. ಮೊನ್ನೆ ನಾನು ಬೈಕ್ ನಿಲ್ಲಿಸಿ ಏನು ಹೇಳುತ್ತದೆ ಶಟರ್ ಎಂದು ಕೇಳಿದೆ. ಬಲಕ್ಕೆ ಎಲ್ಲ ನೇರ ಇದೆ ಮೋನು, ಎಡಕ್ಕೆ ಗಾಡಿ ತಾಗಿದ್ದು ಹಾಗೆಯೇ ಇದೆ ಎಂದರು.